ಕೆಡಿಸಿಟ್ಟ ಪಿಯಾನೋ

ಸೋಮವಾರ ಬೆಳಿಗ್ಗೆ ತಾರಾಲಯದ ಗುಮ್ಮಟದೊಳಗೆ ಕಾಲಿಟ್ಟ ಟಿಂಗು, ಮೂಲೆಯ ಪಿಯಾನೋದಿಂದ ಬಂದ ಮೊದಲ ಸ್ವರ ಕೇಳಿ ನಿಂತಲ್ಲೇ ನಿಂತಳು. ಸ್ವರ ಸರಿಯಾಗಿತ್ತು. ಎರಡನೆಯದೂ ಸರಿಯಾಗಿತ್ತು. ಮೂರನೆಯದು ಎಷ್ಟು ಸರಿಯಾಗಿತ್ತೆಂದರೆ ಅವಳಿಗೆ ಅಳು ಬಂತು.

ಪಿಯಾನೋದ ಹೊಟ್ಟೆಯೊಳಗೆ ತಲೆ ತೂರಿಸಿಕೊಂಡಿದ್ದ ಮನುಷ್ಯ ಹೊರಗೆ ಬಂದ. ತೋಳು ಮಡಚಿದ ಬೂದು ಅಂಗಿ, ಕಿವಿಯ ಮೇಲೆ ಸಿಕ್ಕಿಸಿದ ಚೋಟುದ್ದ ಪೆನ್ಸಿಲ್, ಕೈಯಲ್ಲಿ ತಂತಿ ಬಿಗಿಯುವ ಲಿವರ್. ಮುಖದ ತುಂಬ ಒಳ್ಳೆಯ ಕೆಲಸ ಮಾಡಿ ಮುಗಿಸಿದವನ ತೃಪ್ತಿ.

"ಮುಗೀತು," ಎಂದ. "ಪಾಪ, ತುಂಬಾ ಕೆಟ್ಟು ಹೋಗಿತ್ತು."

"ಕೆಟ್ಟಿರಲಿಲ್ಲ. ಕೆಡಿಸಿದ್ದೆ."

"ಏನಂದ್ರಿ?"

"ನಾನೇ ಕೆಡಿಸಿದ್ದೆ ಕಣ್ರೀ! ಹನ್ನೊಂದು ದಿನ ಇಲ್ಲೇ ಕೂತು, ಒಂದೊಂದೇ ತಂತಿ ಇಳಿಸಿ, ಇನ್ನೂರಿಪ್ಪತ್ತು ತಂತಿ! ಯಾರು ನಿಮಗೆ ಇದನ್ನ ಮುಟ್ಟೋಕೆ ಹೇಳಿದ್ದು?"

ಟ್ಯೂನರ್ ಜೇಬಿನಿಂದ ಆಫೀಸಿನ ಚೀಟಿ ತೆಗೆದು ತೋರಿಸಿದ. ವರ್ಷಕ್ಕೊಮ್ಮೆ ಪಿಯಾನೋ ಶ್ರುತಿ ಮಾಡುವುದು ಅವನ ಕೆಲಸ. ಪ್ರತಿ ವರ್ಷವೂ ಇದೇ ವಾರ ಬರುತ್ತಾನೆ. ಶನಿವಾರ, ಭಾನುವಾರ ಎರಡು ದಿನ ಬೆವರು ಸುರಿಸಿದ್ದಾನೆ. ಟಿಂಗು ತನ್ನ ಕೆಲಸದ ಬಗ್ಗೆ ಆಫೀಸಿಗೆ ಒಂದು ಮಾತು ಹೇಳಿರಲಿಲ್ಲ, ಪಿಯಾನೋ ಮೇಲೆ ಒಂದು ಚೀಟಿಯನ್ನೂ ಅಂಟಿಸಿರಲಿಲ್ಲ. ತಪ್ಪು ತನ್ನದೇ ಎಂದು ಗೊತ್ತಾದಾಗ ಮನುಷ್ಯರಿಗೆ ಕೋಪ ಇಮ್ಮಡಿಯಾಗುತ್ತದೆ. ಅವಳು ಬಾಯಿಗೆ ಬಂದಂತೆ ಬೈದಳು. ಅವನು ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡ.

ಟಿಂಗು ಎನ್ನುವುದು ಅಕ್ಕ ಇಟ್ಟ ಹೆಸರು. ಲಿಫ್ಟಿನ ಬಾಗಿಲು ತೆರೆಯುವಾಗ ಬರುವ ಟಿಂಗ್, ವಾಷಿಂಗ್ ಮಷೀನ್ ಬಟ್ಟೆ ಒಗೆದು ಮುಗಿಸಿ ಹಾಡುವ ನಾಲ್ಕು ಸ್ವರ, ಕಾರು ಹಿಂದೆ ಬರುವಾಗಿನ ಕುಂಯ್ ಕುಂಯ್, ಇವೆಲ್ಲ ಅವಳ ಕೈಯಿಂದ ಬಂದವು. ದಿನಾ ಸಾವಿರಾರು ಜನ ಅವಳ ಸಂಗೀತ ಕೇಳುತ್ತಾರೆ, ಒಬ್ಬರೂ ಅದನ್ನು ಸಂಗೀತ ಅನ್ನುವುದಿಲ್ಲ. ರಿಪೇರಿ ಮುಗಿದ ತಾರಾಲಯ ಈ ಶನಿವಾರ ಬೆಳಿಗ್ಗೆ ಮತ್ತೆ ತೆರೆಯುತ್ತಿತ್ತು. ಮೊದಲ ಪ್ರದರ್ಶನ 'ನೂರು ವರ್ಷದ ನಂತರ'. ಅದರ ಕೊನೆಯ ಏಳು ನಿಮಿಷ ಮಾತಿಲ್ಲ, ಬರೀ ನಕ್ಷತ್ರ ಮತ್ತು ಅವಳ ಸಂಗೀತ. ಜನ ಕುರ್ಚಿಯಲ್ಲಿ ಕೂತು, ಬೇರೆ ಕೆಲಸವಿಲ್ಲದೆ, ಅವಳು ಮಾಡಿದ್ದನ್ನು ಕೇಳುವುದು ಇದೇ ಮೊದಲು. ಚೆನ್ನಾಗಿ ಬರದಿದ್ದರೆ ಎಲ್ಲೆಲ್ಲೂ ಸಿಗುವ ಸಿದ್ಧ ಟ್ರ್ಯಾಕ್ ಹಾಕುತ್ತೇನೆಂದು ತಾರಾಲಯದ ನಿರ್ದೇಶಕಿ ಮೊದಲೇ ಹೇಳಿಬಿಟ್ಟಿದ್ದರು. ಯಾರೂ ಕೇಳಿರದ ಸ್ವರಗಳು ಬೇಕೆಂದು ಟಿಂಗು ಪಿಯಾನೋದ ಒಂದೊಂದು ತಂತಿಯ ಸ್ವರವನ್ನೂ ಅಕ್ಕಪಕ್ಕದ ಎರಡು ಕೀಗಳ ಸ್ವರದ ನಡುವಿನ ಸಂದಿಗೆ ಇಳಿಸಿದ್ದಳು. ಈಗ ಅದೆಲ್ಲ ನೀರಿನಲ್ಲಿ ಹೋಮ ಮಾಡಿದಂತಾಗಿತ್ತು.

"ಯಾವ ತಂತಿ ಎಷ್ಟು ಇಳಿಸಿದ್ರಿ ಅಂತ ಬರೆದಿಟ್ಟಿದ್ದೀರಾ?" ಅವನು ಮೆಲ್ಲಗೆ ಕೇಳಿದ.

"ಇಲ್ಲ. ಕಿವಿಯಲ್ಲೇ ಮಾಡಿದ್ದು." ಅವಳ ದನಿ ಇಳಿಯಿತು.

ಟ್ಯೂನರ್ ಚೀಲದಿಂದ ಒಂದು ಪುಟ್ಟ ನೋಟ್‌ಬುಕ್ ತೆಗೆದು ಅವಳ ಮುಂದೆ ಹಿಡಿದ. ಒಂಬತ್ತು ಪುಟ. ಪ್ರತಿಯೊಂದು ತಂತಿಯೂ, ಅವನು ಮುಟ್ಟುವ ಮೊದಲು ಎಲ್ಲಿತ್ತು ಎನ್ನುವುದು, ಕೂದಲೆಳೆ ಲೆಕ್ಕದಲ್ಲಿ.

"ಇದು ತಾನಾಗೇ ಕೆಟ್ಟಿರೋದಲ್ಲ ಅಂತ ಶನಿವಾರ ಮಧ್ಯಾಹ್ನವೇ ಅನ್ನಿಸ್ತು," ಎಂದ. "ತಾನಾಗೇ ಕೆಟ್ಟ ಪಿಯಾನೋ ಹೀಗೆ ಹಾಡಲ್ಲ. ಇಷ್ಟು ಚೆನ್ನಾಗಿ ಕೆಡಿಸಿದ್ದನ್ನ ನಾನು ನೋಡೇ ಇಲ್ಲ. ಅಳಿಸಿ ಹೋಗಬಾರದು ಅಂತ ಬರ್ಕೊಂಡೆ."

"ಅನ್ನಿಸಿದ ಮೇಲೂ ಸರಿ ಮಾಡಿದ್ರಾ?"

"ಯಾರನ್ನಾದ್ರೂ ಕೇಳಬೇಕಿತ್ತು. ಕೇಳಲಿಲ್ಲ. ಅದು ನನ್ನ ತಪ್ಪು." ಅವನು ಲಿವರನ್ನು ಮತ್ತೆ ಕೈಗೆ ತೆಗೆದುಕೊಂಡ. "ಬುಧವಾರದೊಳಗೆ ನಿಮಗೆ ಕೆಡಿಸಿ ಕೊಡ್ತೀನಿ. ಒಂದು ಮಾತು. ಎಡಗೈಯಿಂದ ತಿರುಗಿಸ್ತೀರಿ ಅಲ್ವಾ?"

ಟಿಂಗು ಕಕ್ಕಾಬಿಕ್ಕಿಯಾದಳು. "ಅದು ಹೇಗೆ ಗೊತ್ತು?"

"ತಂತಿ ಸುತ್ತಿರೋ ಪಿನ್ನುಗಳು ಹೇಳಿದ್ವು. ಎಲ್ಲಾ ಬಲಕ್ಕೆ ವಾಲಿಕೊಂಡಿವೆ." ಅವನು ನಕ್ಕ. "ತುಂಬಾ ದೂರು ಹೇಳಿದ್ವು ನಿಮ್ಮ ಮೇಲೆ."

ಅವಳು ಮುಖ ಊದಿಸಿಕೊಂಡೇ ಇರಬೇಕೆಂದುಕೊಂಡಿದ್ದಳು. ಆಗಲಿಲ್ಲ.

*

ಮೂರು ದಿನ ಅವರಿಬ್ಬರೂ ಗುಮ್ಮಟದ ಕೆಳಗೆ ಕೂತರು. ಅವನು ಪಿಯಾನೋದ ಹತ್ತಿರ, ಅವಳು ಹತ್ತು ಹೆಜ್ಜೆ ಆಚೆ ತನ್ನ ಮೇಜಿನ ಮುಂದೆ. ಪಿಯಾನೋದೊಳಗೆ ಎರಡು ಮೈಕ್ ಇಟ್ಟು, ಇಳಿದ ಸ್ವರಗಳನ್ನು ಒಂದೊಂದಾಗಿ ಕಂಪ್ಯೂಟರಿಗೆ ತುಂಬಿಕೊಳ್ಳುತ್ತಿದ್ದಳು.

ಅವನು ಕೆಲಸ ಮಾಡುವುದನ್ನು ನೋಡುವುದು ಅವಳಿಗೆ ಬೇಗನೆ ಅಭ್ಯಾಸವಾಯಿತು. ಎಡಗೈಯಿಂದ ಕೀ ಬಾರಿಸುತ್ತಾನೆ, ಬಲಗೈಯಲ್ಲಿ ಲಿವರ್. ಕೇಳುವಾಗ ಕಣ್ಣು ಮುಚ್ಚುತ್ತಾನೆ, ಉಸಿರು ಬಿಗಿಹಿಡಿಯುತ್ತಾನೆ. ಸ್ವರ ತನ್ನ ಜಾಗಕ್ಕೆ ಬಂದು ಕೂತಾಗ ಸಣ್ಣಗೆ 'ಹ್ಞಾಂ' ಅನ್ನುತ್ತಾನೆ. ಹಾಗನ್ನುತ್ತಾನೆಂದು ಅವನಿಗೇ ಗೊತ್ತಿಲ್ಲ. ಮಂಗಳವಾರ ಮಧ್ಯಾಹ್ನದ ಹೊತ್ತಿಗೆ ಆ 'ಹ್ಞಾಂ' ಬರುವ ತನಕ ತಾನೂ ಉಸಿರು ಬಿಡುತ್ತಿಲ್ಲ ಎನ್ನುವುದನ್ನು ಟಿಂಗು ಗಮನಿಸಿ ನಾಲಿಗೆ ಕಚ್ಚಿಕೊಂಡಳು.

"ಬನ್ನಿ ಇಲ್ಲಿ," ಅವನು ಕರೆದ. "ಈ ಒಂದು ಕೀಗೆ ಎರಡು ತಂತಿ ಇದೆ. ಎರಡೂ ಒಂದೇ ಸ್ವರ ಹೇಳಬೇಕು. ಈಗ ಕೇಳಿ."

ಬಾರಿಸಿದ. ಸ್ವರ ವ್ವ ವ್ವ ವ್ವ ಎಂದು ನಡುಗಿತು. ಅವನು ಒಂದು ತಂತಿಯನ್ನು ಕೂದಲೆಳೆಯಷ್ಟು ಎಳೆದ. ನಡುಕ ನಿಧಾನವಾಯಿತು. ಇನ್ನಷ್ಟು ಎಳೆದ. ವ್ವ... ವ್ವ... ಆಮೇಲೆ ಒಂದೇ ಒಂದು ದೊಡ್ಡ ಅಲೆ, ಆಮೇಲೆ ಅದೂ ಇಲ್ಲ. "ಹ್ಞಾಂ," ಎಂದ.

"ನನ್ನ ಕೆಲಸ ಅಂದ್ರೆ ಇಷ್ಟೇ," ಎಂದ. "ಆ ಅಲೆ ನಿಲ್ಲಿಸೋದು. ಈ ತಂತಿ ಮಾತ್ರ ಜೋಪಾನ. ತುಕ್ಕು ಹಿಡಿದ ಮುದುಕ ಇದು. ಹತ್ತು ಸಲ ಏರಿಸಿ ಇಳಿಸಿದ್ರೆ ಕಡಿದೇ ಹೋಗುತ್ತೆ."

ಅವಳ ಭುಜಕ್ಕೂ ಅವನ ಭುಜಕ್ಕೂ ನಡುವೆ ಎರಡು ಬೆರಳಿನ ಜಾಗವಿತ್ತು. ತಂತಿಯ ವಿಷಯ ಅವಳ ಕಿವಿಗೆ ಅರ್ಧಂಬರ್ಧ ಬಿತ್ತು.

"ಈಗ ನಿಮ್ಮ ಸರದಿ," ಎಂದ. "ಭವಿಷ್ಯದ ಸಂಗೀತ ಅಂತೀರಲ್ಲ, ಅದು ಹೇಗಿರುತ್ತೆ?"

ಟಿಂಗು ಉತ್ಸಾಹದಿಂದ ತೋರಿಸಿದಳು. ಮೊದಲು ಒಂದು ಪಾಪ್ ಹಾಡಿನ ತುಣುಕು. ಗಾಯಕಿಯ ದನಿ ಸ್ವರದಿಂದ ಸ್ವರಕ್ಕೆ ಜಾರುವುದಿಲ್ಲ, ಮೆಟ್ಟಿಲು ಹತ್ತಿದಂತೆ ಟಕ್ಕನೆ ಏರುತ್ತದೆ, ಯಂತ್ರ ಅದನ್ನು ಇಸ್ತ್ರಿ ಮಾಡಿದೆ. ಆಮೇಲೆ ಯಾವ ಮನುಷ್ಯನ ಕೈಯೂ ಬಾರಿಸಲಾಗದಷ್ಟು ವೇಗದ ತಾಳ. ಕೊನೆಗೆ ತನ್ನ ಪ್ರಯೋಗ, ಒಂದೇ ಒಂದು 'ಆ' ಅನ್ನುವ ದನಿಯನ್ನು ಸಾವಿರ ಚೂರು ಮಾಡಿ ಗುಮ್ಮಟದ ನಲವತ್ತು ಸ್ಪೀಕರ್‌ಗಳಿಗೆ ಎರಚಿದ್ದು. ಸದ್ದು ತಲೆಯ ಮೇಲೆ ಸಣ್ಣ ಹನಿಗಳಾಗಿ ಬಿತ್ತು.

ಅವನು ತಲೆ ಎತ್ತಿ, ಬಾಯಿ ತೆರೆದು ಕೇಳಿದ. ಆಮೇಲೆ ಅವಳ ಕಡೆ ತಿರುಗಿದ. "ಚೆನ್ನಾಗಿದೆ. ಆ ಮೊದಲನೇದು, ಇಸ್ತ್ರಿ ದನಿ, ಅದು ಶುರುವಾಗಿ ಎಷ್ಟು ವರ್ಷ ಆಯ್ತು?"

"ನನ್ನಷ್ಟೇ ವಯಸ್ಸು ಅದಕ್ಕೂ."

"ಹಾಗಾದ್ರೆ ಭವಿಷ್ಯಕ್ಕೂ ವಯಸ್ಸಾಗುತ್ತೆ ಅನ್ನಿ."

"ನನಗೆ ವಯಸ್ಸಾಯ್ತು ಅಂತಿದ್ದೀರಾ?"

"ಅಯ್ಯೋ, ಹಾಗಲ್ಲ!" ಅವನ ಕಿವಿ ಕೆಂಪಾಗಿ, ಪೆನ್ಸಿಲ್ ಕೆಳಗೆ ಬಿತ್ತು. ಇಬ್ಬರೂ ಒಟ್ಟಿಗೆ ಬಗ್ಗಿದರು. ಪೆನ್ಸಿಲ್ ಅವಳಿಗೆ ಸಿಕ್ಕಿತು. ಅವಳು ತಕ್ಷಣ ಕೊಡಲಿಲ್ಲ.

ಆ ಸಂಜೆ ಮನೆಯಲ್ಲಿ ಅಕ್ಕ ಹೆಡ್‌ಫೋನ್ ಹಾಕಿಕೊಂಡು ತಂಗಿಯ ಟ್ರ್ಯಾಕ್ ಕೇಳಿದಳು. ಅಕ್ಕ ಹಲ್ಲಿನ ಡಾಕ್ಟರ್. ಮೂರನೇ ನಿಮಿಷಕ್ಕೆ ಹೆಡ್‌ಫೋನ್ ತೆಗೆದಿಟ್ಟಳು.

"ನನ್ನ ಕ್ಲಿನಿಕ್ಕಿನ ಡ್ರಿಲ್ ಇದ್ದ ಹಾಗಿದೆ ಕಣೇ. ನೂರು ವರ್ಷ ಆದ್ಮೇಲೂ ಜನಕ್ಕೆ ಹಲ್ಲು ಹುಳುಕೇ ಗತಿನಾ?"

"ನಿನಗೆ ಅರ್ಥ ಆಗಲ್ಲ ಬಿಡು."

"ಇದು ಅರ್ಥ ಆಗಲ್ಲ. ನೀನು ನಿನ್ನೆಯಿಂದ ಕನ್ನಡಿ ಮುಂದೆ ಹತ್ತು ನಿಮಿಷ ಜಾಸ್ತಿ ನಿಲ್ತಿರೋದು ಚೆನ್ನಾಗೇ ಅರ್ಥ ಆಗುತ್ತೆ. ಯಾರವನು?"

"ಯಾರೂ ಇಲ್ಲ. ಪಿಯಾನೋದವನು."

"ಯಾರೂ ಇಲ್ಲ, ಪಿಯಾನೋದವನು," ಅಕ್ಕ ಅವಳದೇ ದನಿಯಲ್ಲಿ ಅಣಕಿಸಿ, ದಿಂಬಿನೇಟು ತಿಂದಳು.

*

ಬುಧವಾರ ಮೂರು ಗಂಟೆಗೆ ಕೊನೆಯ ತಂತಿ ಕೆಟ್ಟಿತು. ಟ್ಯೂನರ್ ಚೀಲ ಕಟ್ಟಿದ. "ಶನಿವಾರ ಬನ್ನಿ," ಎಂದಳು ಟಿಂಗು, ಆದಷ್ಟು ಸಲೀಸಾಗಿ.

ಅವನು ತಲೆಯಾಡಿಸಿದ. "ನಾನು ಬರೋದಿಲ್ಲ. ನಮ್ಮಪ್ಪನೂ ಇದೇ ಕೆಲಸ ಮಾಡ್ತಿದ್ದರು. ಜನ ಬರೋ ಹೊತ್ತಿಗೆ ಟ್ಯೂನರ್ ಅಲ್ಲಿರಬಾರದು ಅಂತಿದ್ರು. ನಮ್ಮ ಕೆಲಸ ಚೆನ್ನಾಗಾದ್ರೆ ಯಾರಿಗೂ ಗೊತ್ತೇ ಆಗಬಾರದು. ಹದಿನಾಲ್ಕು ವರ್ಷದಿಂದ ನಾನು ಶ್ರುತಿ ಮಾಡಿದ ಪಿಯಾನೋನ ಬೇರೆಯವರು ಬಾರಿಸಿದ್ದು ಕೇಳೇ ಇಲ್ಲ."

"ಒಂದು ಸಲಾನೂ?"

"ಬಾಗಿಲ ಹತ್ರ ಜನರ ದನಿ ಕೇಳಿದ ಕೂಡಲೇ ಕಾಲಿಗೆ ಬುದ್ಧಿ ಹೇಳ್ತೀನಿ." ನಗಲು ನೋಡಿದ. ಕೊನೆಗೆ 'ಬರ್ತೀನಿ' ಎಂದು ವಿದಾಯ ಹೇಳಿ, ಹೊರಟೇ ಹೋದ. ಗುಮ್ಮಟ ಇದ್ದಕ್ಕಿದ್ದಂತೆ ತೀರಾ ದೊಡ್ಡದಾಯಿತು.

ಗುರುವಾರ ಬೆಳಿಗ್ಗೆ ನಿರ್ದೇಶಕಿ ಬಂದು ಮಧ್ಯದ ಕುರ್ಚಿಯಲ್ಲಿ ಕೂತರು. ಬೆಳ್ಳಿಗೂದಲು, ಮಾತು ಕಡಿಮೆ, ಸುಳ್ಳು ಇನ್ನೂ ಕಡಿಮೆ. ಏಳು ನಿಮಿಷ ಮುಗಿದ ಮೇಲೆ ಕನ್ನಡಕ ಒರೆಸಿದರು.

"ಚೆನ್ನಾಗಿದೆ ಮಗಳೇ. ಆದ್ರೆ ಈ ಭವಿಷ್ಯ ನಾನು ಹತ್ತು ವರ್ಷದವಳಿದ್ದಾಗಲೇ ಕೇಳಿದ್ದೆ. ಬೆಳ್ಳಿ ಬಟ್ಟೆ ಹಾಕ್ಕೊಂಡು ಎಲ್ಲರೂ ಮಾತ್ರೆ ನುಂಗ್ತಾರೆ ಅಂತಿದ್ರಲ್ಲ, ಆ ಭವಿಷ್ಯ. ನಾಳೆ ಮಧ್ಯಾಹ್ನ ಹನ್ನೆರಡಕ್ಕೆ ಇನ್ನೊಂದು ಸಲ ಕೇಳ್ತೀನಿ. ಆಗಲೂ ಹೀಗೇ ಇದ್ರೆ ಆ ಸಿದ್ಧ ಟ್ರ್ಯಾಕೇ ಹಾಕಬೇಕಾಗುತ್ತೆ."

ಅವರು ಹೋದ ಮೇಲೆ ಟಿಂಗು ತಲೆ ಮೇಲೆ ಕೈ ಹೊತ್ತು ಕೂತಳು. ಅತ್ತಳು ಕೂಡ. ಅಳು ಮುಗಿದ ಮೇಲೆ, ಬೇರೇನೂ ತೋಚದೆ, ಇಷ್ಟು ದಿನ ಮುಂಭಾಗ ಮಾತ್ರ ಮಡಚಿಟ್ಟು ಕೆಲಸ ಮಾಡಿದ್ದ ಪಿಯಾನೋದ ಮುಚ್ಚಳವನ್ನು ಮೊದಲ ಸಲ ಪೂರ್ತಿ ಎತ್ತಿದಳು.

ಮುಚ್ಚಳದ ಒಳಬದಿಯಲ್ಲಿ, ಬರಿಯ ಮರದ ಮೇಲೆ, ಪೆನ್ಸಿಲ್ಲಿನ ಸಾಲುಗಳಿದ್ದವು. ಹದಿನಾಲ್ಕು ವರ್ಷದ ಹದಿನಾಲ್ಕು ಸಾಲು. ಟ್ಯೂನರುಗಳು ಕೆಲಸ ಮುಗಿಸಿ ದಿನಾಂಕ ಬರೆದು ಹೋಗುತ್ತಾರೆಂದು ಅವಳು ಕೇಳಿದ್ದಳು. ಇವನು ದಿನಾಂಕಕ್ಕೆ ನಿಲ್ಲಿಸಿರಲಿಲ್ಲ. 'ಮಳೆ. ಮರ ಉಬ್ಬಿದೆ. ಮೇಲಿನ ತಂತಿಗಳಿಗೆ ಹಠ.' 'ಚಳಿ. ಅಪ್ಪ ಇಲ್ಲದ ಮೊದಲ ವರ್ಷ. ಪಿಯಾನೋ ಸಹಕರಿಸಿತು.' 'ಬಿಸಿಲು. ಎಲ್ಲ ಸರಿ. ಯಾರೂ ಬರಲಿಲ್ಲ.' 'ಎಲ್ಲ ಸರಿ. ಯಾರೂ ಬರಲಿಲ್ಲ.' ಹಾಗೇ ಸಾಲುಸಾಲು. ಕೊನೆಯದರ ಅಕ್ಷರ ಇನ್ನೂ ಹೊಳೆಯುತ್ತಿತ್ತು.

'ಬುಧವಾರ. ಮೋಡ. ಇನ್ನೂರಿಪ್ಪತ್ತು ತಂತಿಯನ್ನೂ ಸರಿಯಾಗಿ ಕೆಡಿಸಿದ್ದೇನೆ. ಇಷ್ಟು ಸಂತೋಷ ಯಾವ ಕೆಲಸದಲ್ಲೂ ಆಗಿರಲಿಲ್ಲ. ಅವಳಿಗೆ ಹೇಳಲಿಲ್ಲ.'

ಟಿಂಗು ಆ ಸಾಲನ್ನು ನಾಲ್ಕು ಸಲ ಓದಿದಳು. ಎದೆ ಎಷ್ಟು ಜೋರಾಗಿ ಬಡಿದುಕೊಂಡಿತೆಂದರೆ, ಮೈಕ್ ಆನ್ ಇದ್ದರೆ ಇದೂ ರೆಕಾರ್ಡ್ ಆಗುತ್ತಿತ್ತಲ್ಲ ಎಂದುಕೊಂಡಳು. ಹಾಗೆ ಅಂದುಕೊಂಡದ್ದೇ ತಡ, ಮೇಜಿಗೆ ಓಡಿದಳು.

ಮೈಕ್ ಮೂರೂ ದಿನ ಆನ್ ಇತ್ತು. ಅವಳು ಬೇಕಾದ ಸ್ವರಗಳನ್ನಷ್ಟೇ ಕತ್ತರಿಸಿ ಇಟ್ಟುಕೊಂಡು, ಮಿಕ್ಕದ್ದನ್ನು ಕಸವೆಂದು ಬದಿಗೆ ತಳ್ಳಿದ್ದಳು. ಈಗ ಆ ಕಸವನ್ನು ಕೇಳಿದಳು. ಎರಡು ತಂತಿ. ನಡುಗುವ ಸ್ವರ. ಲಿವರಿನ ಸಣ್ಣ ಕಿರ್ರ್. ನಡುಕ ನಿಧಾನವಾಗುತ್ತದೆ, ಇನ್ನೂ ನಿಧಾನ, ಅವನು ಉಸಿರು ಬಿಗಿಹಿಡಿದಿದ್ದಾನೆ, ಬಂತು, ಬರಲಿಲ್ಲ, ಇನ್ನೊಂದು ಕೂದಲೆಳೆ. ಅವಳ ಮೈ ತಾನಾಗಿಯೇ ಮುಂದಕ್ಕೆ ಬಾಗಿತು. "ಹ್ಞಾಂ."

ಇಷ್ಟು ದಿನ ಲೋಹದ ಸದ್ದಿನಲ್ಲಿ, ಯಂತ್ರದ ದನಿಯಲ್ಲಿ ಹುಡುಕಿದ್ದು ಇಲ್ಲಿತ್ತು. ಯಾವ ಹೊಸ ಸದ್ದೂ ಹತ್ತು ವರ್ಷಕ್ಕೆ ಹಳೆಯದಾಗುತ್ತದೆ. ಆದರೆ ಇನ್ನೂ ಬಂದು ಮುಟ್ಟದ, ಬರುತ್ತಲೇ ಇರುವ ಸ್ವರವನ್ನು ಕಾಯುವಾಗ ಕಿವಿ ಈಗಿನದ್ದನ್ನು ಬಿಟ್ಟು ಮುಂದಿನ ಗಳಿಗೆಗೆ ಹೋಗಿ ನಿಂತಿರುತ್ತದೆ. ಭವಿಷ್ಯ ಕೇಳಿಸುವುದು ಆಗ. ಇದು ಅವಳಿಗೆ ತಲೆಯಿಂದ ಹೊಳೆದದ್ದಲ್ಲ. ಬುಧವಾರ ಮೂರು ಗಂಟೆಯಿಂದ ಅವಳು ಬಾಗಿಲ ಕಡೆ ಕಿವಿಯಿಟ್ಟುಕೊಂಡೇ ಕೂತಿದ್ದಳು.

ಆಫೀಸಿನಿಂದ ಅವನ ನಂಬರ್ ತೆಗೆದುಕೊಂಡಳು.

"ಹಲೋ," ಎಂದ ಅವನು.

"ಮುಚ್ಚಳ ಎತ್ತಿದೆ," ಎಂದಳು ಅವಳು.

ಆ ಕಡೆ ಪೆನ್ಸಿಲ್ ಕೆಳಗೆ ಬಿದ್ದ ಸದ್ದಾಯಿತು. ಆಮೇಲೆ, "ನಾಳೆ ಎಷ್ಟೊತ್ತಿಗೆ ಬರಲಿ?" ಎಂದ.

*

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಬಂದವನಿಗೆ ಅವಳು ಎಲ್ಲವನ್ನೂ ವಿವರಿಸಿದಳು. ಏಳು ನಿಮಿಷ. ಒಂದೇ ಕೀ, ಅದರ ಎರಡು ತಂತಿ. ಒಂದು ಸುಮ್ಮನೆ ನಿಲ್ಲುತ್ತದೆ. ಇನ್ನೊಂದನ್ನು ಪೂರ್ತಿ ಕೆಳಗಿಳಿಸಿ, ಅಲ್ಲಿಂದ ನಿಧಾನವಾಗಿ ಮೇಲೆ ತರಬೇಕು, ಜನರ ಮುಂದೆ. ಅದರ ಸುತ್ತ ಅವಳು ಕೆಡಿಸಿದ ಸ್ವರಗಳನ್ನೂ ಅವನ ಉಸಿರಿನ ಚೂರುಗಳನ್ನೂ ಗುಮ್ಮಟದ ತುಂಬ ಹರಡುತ್ತಾಳೆ.

"ರೆಕಾರ್ಡ್ ಇದೆಯಲ್ಲ, ಅದನ್ನೇ ಹಾಕಿ," ಎಂದ. ಮುಖ ಬಿಳಿಚಿಕೊಂಡಿತ್ತು.

"ರೆಕಾರ್ಡ್‌ನಲ್ಲಿ ತಂತಿ ಪ್ರತಿ ಸಲ ಬಂದು ಮುಟ್ಟುತ್ತೆ. ಮುಂದೆ ಏನಾಗುತ್ತೆ ಅಂತ ಗೊತ್ತಿದ್ರೆ ಅದು ಭವಿಷ್ಯ ಹೇಗಾಗುತ್ತೆ?"

"ಆ ತಂತಿ ಮುದುಕ ಅಂದಿದ್ದೆ. ಕಡಿದ್ರೆ?"

"ಕಡೀಬಹುದು. ಅದಕ್ಕೇ."

ಅವನು ಕುರ್ಚಿಗಳನ್ನು ನೋಡಿದ. ಮುನ್ನೂರು ಖಾಲಿ ಕುರ್ಚಿಗಳು. "ನನ್ನಿಂದ ಆಗಲ್ಲ. ಜನ ಅಂದ್ರೆ ಕೈ ನಡುಗುತ್ತೆ."

"ಸರಿ ಬಿಡಿ, ನಾನೇ ತಿರುಗಿಸ್ತೀನಿ." ಅವಳು ಎಡಗೈಯಲ್ಲಿ ಲಿವರ್ ಎತ್ತಿಕೊಂಡು ಪಿನ್ನಿಗೆ ಸಿಕ್ಕಿಸಿದಳು.

"ಬೇಡ ಬೇಡ ಬೇಡ!" ಅವನು ಹಾರಿ ಬಂದು ಅವಳ ಕೈ ಹಿಡಿದ. "ಪಾಪ, ಆ ತಂತಿ ನಿಮಗೇನು ಅನ್ಯಾಯ ಮಾಡಿದೆ?"

ಕೈ ಹಿಡಿದದ್ದು ಹಿಡಿದಂತೇ ಇತ್ತು. ಇಬ್ಬರೂ ಅದನ್ನೇ ನೋಡುತ್ತಿದ್ದರು.

"ಗುಮ್ಮಟ ಕತ್ತಲಾಗಿರುತ್ತೆ," ಟಿಂಗು ಮೆಲ್ಲಗೆ ಹೇಳಿದಳು. "ಯಾರಿಗೂ ನೀವು ಕಾಣಲ್ಲ."

"ನಿಮಗೆ?"

"ನನ್ನ ಮೇಜಿನ ಪುಟ್ಟ ದೀಪ ನಿಮ್ಮ ಕೈ ಮೇಲೆ ಬೀಳುತ್ತೆ. ನನಗೆ ಕಾಣ್ತೀರಿ."

ಅವನು ದೀರ್ಘವಾಗಿ ಉಸಿರೆಳೆದುಕೊಂಡ. ಲಿವರನ್ನು ಅವಳ ಬೆರಳುಗಳಿಂದ ಒಂದೊಂದಾಗಿ ಬಿಡಿಸಿಕೊಂಡ. ಹನ್ನೆರಡು ಗಂಟೆಗೆ ನಿರ್ದೇಶಕಿ ಬಂದು ಕೂತರು, ಕೇಳಿದರು, ಮತ್ತೆ ಕನ್ನಡಕ ಒರೆಸಿದರು. "ನಾಳೆ ಕಡಿದರೆ?" ಎಂದು ಅವರೂ ಅದನ್ನೇ ಕೇಳಿದರು. ಉತ್ತರಕ್ಕೆ ಕಾಯದೆ, "ಕಡೀಲಿ, ನೋಡೋಣ," ಎಂದು ಎದ್ದು ಹೋದರು.

*

ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಮುನ್ನೂರು ಕುರ್ಚಿಯೂ ತುಂಬಿತ್ತು. ಬಾಗಿಲ ಹತ್ತಿರ ಜನರ ದನಿ ಕೇಳಿದಾಗ ಟ್ಯೂನರ್ ಎದ್ದು ನಿಂತ. ಟಿಂಗು ಮೇಜಿನಿಂದಲೇ ಅವನನ್ನು ನೋಡಿದಳು, ಪುಟ್ಟ ದೀಪವನ್ನು ಅವನ ಕೈಯ ಕಡೆ ತಿರುಗಿಸಿದಳು. ಅವನು ಕೂತ.

ದೀಪ ಆರಿತು. ನಕ್ಷತ್ರಗಳು ಹತ್ತಿಕೊಂಡವು. ಕೊನೆಯ ಮಾತು ಮುಗಿದು ಏಳು ನಿಮಿಷ ಶುರುವಾಯಿತು.

ಮೊದಲು ಒಂಟಿ ಸ್ವರ, ಒರಟಾಗಿ ನಡುಗುತ್ತಾ. ಅದರ ಸುತ್ತ ಸಂದಿಯ ಸ್ವರಗಳು, ಎಲ್ಲಿಂದ ಬಂದವೆಂದು ಹೇಳಲಾಗದಂಥವು, ಮನುಷ್ಯರದೋ ಯಂತ್ರದ್ದೋ ತಿಳಿಯದ ಉಸಿರು. ತಂತಿ ಏರಿತು. ನಡುಕ ನಿಧಾನವಾಯಿತು. ಮೂರನೆಯ ನಿಮಿಷಕ್ಕೆ ಕೆಮ್ಮುಗಳು ನಿಂತವು. ಐದನೆಯ ನಿಮಿಷದಲ್ಲಿ ಪಿನ್ನಿನ ಹತ್ತಿರ ತಂತಿ 'ಟಿಕ್' ಎಂದಿತು. ಪುಟ್ಟ ದೀಪದ ಬೆಳಕಿನಲ್ಲಿ ಅವನ ಕೈ ನಡುಗುವುದು ಟಿಂಗುವಿಗೆ ಕಂಡಿತು. ಅವನು ತಲೆ ಎತ್ತಿ, ಕತ್ತಲಲ್ಲಿ ಅವಳಿರುವ ಕಡೆ ನೋಡಿದ.

ಅವಳು ಸುತ್ತಲಿನ ಸ್ವರಗಳನ್ನೆಲ್ಲ ಒಂದೊಂದಾಗಿ ಅಡಗಿಸಿದಳು. ಅವನ ತಂತಿಯೊಂದನ್ನೇ ಉಳಿಸಿದಳು. ಕಡಿಯುವುದಾದರೆ ಎಲ್ಲರಿಗೂ ಕೇಳಲಿ, ಮುಟ್ಟುವುದಾದರೂ ಎಲ್ಲರಿಗೂ ಕೇಳಲಿ.

ಅವನ ಕೈಯ ನಡುಕ ನಿಂತಿತು. ಕೀ ಬಾರಿಸಿದ. ವ್ವ... ವ್ವ... ಕೂದಲೆಳೆ. ವ್ವ... ಮುನ್ನೂರು ಜನ ಉಸಿರು ಬಿಗಿಹಿಡಿದಿದ್ದರು. ಇನ್ನೊಂದು ಕೂದಲೆಳೆ. ಒಂದೇ ಒಂದು ದೊಡ್ಡ ಅಲೆ, ಗುಮ್ಮಟದ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ. ಆಮೇಲೆ ಎರಡು ತಂತಿ ಒಂದಾದವು.

"ಹ್ಞಾಂ," ಎಂದಿತು ಇಡೀ ಗುಮ್ಮಟ. ಯಾರೂ ಹೇಳಿಕೊಟ್ಟಿರಲಿಲ್ಲ. ಮುನ್ನೂರು ಗಂಟಲುಗಳಿಂದ ಒಂದೇ ಸಲ, ತಾನಾಗಿ ಬಂತು. ಅವುಗಳಲ್ಲಿ ಮೂರನೇ ಸಾಲಿನ ಹಲ್ಲಿನ ಡಾಕ್ಟರದ್ದು ಎಲ್ಲಕ್ಕಿಂತ ಜೋರಾಗಿತ್ತು.

ದೀಪ ಹತ್ತಿದಾಗ ಜನ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದರು. ನಿರ್ದೇಶಕಿ ಕನ್ನಡಕ ಒರೆಸುವುದನ್ನೇ ಮರೆತು, ಒದ್ದೆ ಕಣ್ಣಲ್ಲಿ ಟಿಂಗುವಿನ ಕೆನ್ನೆ ತಟ್ಟಿದರು. "ಇದನ್ನ ನಾನು ಕೇಳಿರಲಿಲ್ಲ," ಎಂದರು. "ಮುಂದಿನ ವಾರವೂ ಇದೇ, ಅದರ ಮುಂದಿನ ವಾರವೂ ಇದೇ." ಅಕ್ಕ ದೂರದಿಂದಲೇ ಪಿಯಾನೋದವನನ್ನು ಅಡಿಯಿಂದ ಮುಡಿಯವರೆಗೆ ಅಳೆದು, ತಂಗಿಗೆ ಹುಬ್ಬು ಹಾರಿಸಿದಳು.

ಜನವೆಲ್ಲ ಹೊರಗೆ ಹೋದ ಮೇಲೆ ಟಿಂಗು ಪಿಯಾನೋದ ಹತ್ತಿರ ಬಂದಳು. ಅವನು ಇನ್ನೂ ಅಲ್ಲೇ ಕೂತಿದ್ದ, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು, ಬೆಪ್ಪಾಗಿ ನಗುತ್ತಾ.

"ಓಡಿ ಹೋಗಲಿಲ್ಲ?" ಎಂದಳು.

"ಹೋಗೋಕೆ ಮನಸ್ಸು ಬರಲಿಲ್ಲ." ಅವನು ಅವಳನ್ನು ನೇರವಾಗಿ ನೋಡಿದ. "ಬುಧವಾರ ಹೇಳದೇ ಇದ್ದದ್ದು ಈಗ ಹೇಳ್ತೀನಿ. ನನಗೆ ನೀವು ಇಷ್ಟ. ತುಂಬಾ ಇಷ್ಟ. ನೋಟ್‌ಬುಕ್‌ನಲ್ಲಿ ನಿಮ್ಮ ಸ್ವರ ಬರ್ಕೊಳ್ತಿದ್ದೆನಲ್ಲ, ಆಗಿಂದಲೇ. ಮುಖ ನೋಡೋದಕ್ಕೂ ಮುಂಚೆ."

"ಮುಖ ನೋಡಿದ ಮೇಲೆ?"

"ಬೈಯ್ಯೋಕೆ ಶುರು ಮಾಡಿದ್ರಲ್ಲ, ಸರಿಯಾಗಿ ನೋಡೋಕೆ ಆಗಲಿಲ್ಲ."

ಅವಳು ಗಟ್ಟಿಯಾಗಿ ನಕ್ಕಳು. ಅವನ ಕಿವಿಯ ಮೇಲಿನ ಪೆನ್ಸಿಲನ್ನು ತೆಗೆದುಕೊಂಡು, ಮುಚ್ಚಳ ಎತ್ತಿ, ಅವನ ಸಾಲಿನ ಕೆಳಗೆ ಎಡಗೈಯಲ್ಲಿ, ಬಲಕ್ಕೆ ವಾಲಿದ ಅಕ್ಷರಗಳಲ್ಲಿ ಬರೆದಳು.

'ಶನಿವಾರ. ಬಿಸಿಲು. ಮುನ್ನೂರು ಜನ ಬಂದರು. ಅವನು ಹೇಳಿದ. ನನಗೂ ಇಷ್ಟ.'

ಅವನು ಬಗ್ಗಿ ಓದಿದ. ಕಣ್ಣು ಮುಚ್ಚಿದ. ಬಿಗಿಹಿಡಿದ ಉಸಿರನ್ನು ಮೆಲ್ಲಗೆ ಬಿಟ್ಟ.

"ಹ್ಞಾಂ," ಎಂದ.